ಪೂಜಾ ಕೋಣೆಯ ಕೆತ್ತನೆಗೆ ಸಾಗವಾನಿಯ ಬದಲು ಎಂಡಿಎಫ್ ಬಳಸಬಹುದೇ?

ಹವ್ಯಾಸಿ_ಕೊಪ್ಪಳ (ಪ್ರಶ್ನೆ)

ಕೊಪ್ಪಳದಲ್ಲಿ ನಮ್ಮ ಹೊಸ ಮನೆಯ ಗಾರೆ ಕೆಲಸ ಮುಗಿದು ಮರಗೆಲಸ ಆರಂಭವಾಗಿದೆ. ಮುಖ್ಯ ಬಾಗಿಲು ಮತ್ತು ಕಿಟಕಿಗಳನ್ನು ಬಡಗಿಯವರಿಗೆ ವಹಿಸಿದ್ದು, ಪೂಜಾ ಕೋಣೆಯ ಕೆತ್ತನೆಯನ್ನು ನಾನೇ ಮಾಡಬೇಕೆಂದು ಉಳಿಸಿಕೊಂಡಿದ್ದೇನೆ. ಉಳಿ, ಕೊಡತಿ ಹಿಡಿದು ಸಾಗವಾನಿ ಮತ್ತು ಶಿವನಿ ಮರದ ತುಂಡುಗಳ ಮೇಲೆ ಹೂವು, ಬಳ್ಳಿ, ಹಂಸಗಳನ್ನು ಕೆತ್ತುವಷ್ಟು ಕೈ ಪಳಗಿದೆ.

ಮಾಡಬೇಕಾದದ್ದು ಮುಖ್ಯವಾಗಿ ಮೂರು ಕೆಲಸ. ಎರಡು ಕದಗಳ ಒಂದು ಬಾಗಿಲಿದ್ದು, ಪ್ರತಿ ಕದದ ಕೆಳಭಾಗದಲ್ಲಿ ಹಂಸದ ಹಲಗೆ ಮತ್ತು ಮೇಲ್ಭಾಗದಲ್ಲಿ ಜಾಲರಿ ಇರಬೇಕು. ದೇವರ ಹಿಂದೆ ಸುಮಾರು ಎರಡು ಅಡಿ ಅಗಲ, ಮೂರು ಅಡಿ ಎತ್ತರದ ಪ್ರಭಾವಳಿ ಬರಬೇಕು. ಎರಡು ಬದಿಯಲ್ಲಿ ಮಕರ, ನೆತ್ತಿಯಲ್ಲಿ ಕೀರ್ತಿಮುಖ. ಇದರ ಬಳ್ಳಿಯ ವಿನ್ಯಾಸವನ್ನು ನಮ್ಮ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯದ ದ್ವಾರಬಂಧಗಳನ್ನು ನೋಡಿ ಬರೆದುಕೊಂಡಿದ್ದೇನೆ. ಕೊನೆಯದಾಗಿ, ಪೂಜಾ ಕೋಣೆಗೊಂದು ಕೆತ್ತಿದ ಹೊಸ್ತಿಲು.

ಎಲ್ಲವನ್ನೂ ಸಾಗವಾನಿಯಲ್ಲಿಯೇ ಮಾಡಬೇಕೆಂದರೆ ನನ್ನ ಅಂದಾಜು ಮೀರುತ್ತದೆ; ಅದರಲ್ಲಿಯೂ ಪ್ರಭಾವಳಿಗೆ ಬೇಕಾದ ಅಗಲದ ಹಲಗೆ ಒಂದೇ ತುಂಡಿನಲ್ಲಿ ಸಿಗದು, ಜೋಡಿಸಲೇಬೇಕು. ಎಂಟು ಅಡಿಗೆ ನಾಲ್ಕು ಅಡಿಯ ಎಂಡಿಎಫ್ (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ) ಹಾಳೆಯಲ್ಲಾದರೆ ಈ ಜೋಡಣೆಯ ತೊಂದರೆಯೇ ಇರುವುದಿಲ್ಲ. ಇಟಗಿಯ ಶಿಲ್ಪಿಗಳು ಕೆತ್ತಿದ ಬಳಪದ ಕಲ್ಲಿಗೆ ಎಳೆಯಿಲ್ಲ, ಎಂಡಿಎಫ್‌ಗೂ ಎಳೆಯಿಲ್ಲ. ಹಾಗಿದ್ದರೆ ಉಳಿಯನ್ನು ಯಾವ ದಿಕ್ಕಿಗೆ ತಿರುಗಿಸಿದರೂ ಸೀಳದೆ ಕೆತ್ತಬಹುದಲ್ಲವೇ ಎಂಬುದು ನನ್ನ ತರ್ಕ. ಇದು ಸರಿಯೇ? ಎಷ್ಟು ಆಳದವರೆಗೆ ಕೆತ್ತಬಹುದು? ನಮ್ಮ ಕಡೆಯ ಬಿಸಿಲನ್ನೂ ಮಳೆಗಾಲದ ತೇವವನ್ನೂ ಅದು ತಾಳಿಕೊಳ್ಳುತ್ತದೆಯೇ? ಮನೆಯಲ್ಲಿ ಚಿಕ್ಕ ಮಗುವಿರುವುದರಿಂದ ಧೂಳಿನ ವಿಚಾರವನ್ನೂ ತಿಳಿಸಬೇಕೆಂದು ಕೋರುತ್ತೇನೆ.

ಗಂಗಾವತಿ_ಮರಗೆಲಸ

ನಿಮ್ಮ ತರ್ಕದ ಅರ್ಧ ಭಾಗ ಸರಿಯಾಗಿದೆ. ಬಳಪದ ಕಲ್ಲಿನ ಕಣಗಳು ತಾವಾಗಿಯೇ ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ಆದ್ದರಿಂದಲೇ ಅದರಲ್ಲಿ ದಾರದಷ್ಟು ತೆಳುವಾದ ಬಳ್ಳಿಯನ್ನು ಹಿಂಬದಿಯಿಂದಲೂ ಬಿಡಿಸಿ ನಿಲ್ಲಿಸಲು ಸಾಧ್ಯವಾಗುತ್ತದೆ. ಎಂಡಿಎಫ್ ಹಾಗಲ್ಲ. ಮರವನ್ನು ಹಬೆಯಲ್ಲಿ ಮೆತ್ತಗಾಗಿಸಿ, ಅರೆದು ನಾರು ಮಾಡಿ, ಆ ನಾರಿಗೆ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟನ್ನೂ ಸ್ವಲ್ಪ ಮೇಣವನ್ನೂ ಬೆರೆಸಿ, ಬಿಸಿ ಒತ್ತುಯಂತ್ರದಲ್ಲಿ ಹಾಕಿ ಹಲಗೆ ಮಾಡುತ್ತಾರೆ. ಒತ್ತುವಾಗ ಯಂತ್ರದ ಬಿಸಿ ಫಲಕಕ್ಕೆ ತಾಗಿಕೊಂಡಿರುವ ಮೇಲಿನ ಮತ್ತು ಕೆಳಗಿನ ಪದರಗಳು ಹೆಚ್ಚು ಅದುಮಿಕೊಂಡು ಗಟ್ಟಿಯಾಗುತ್ತವೆ, ನಡುಭಾಗ ಸಡಿಲವಾಗಿಯೇ ಉಳಿಯುತ್ತದೆ. ಅಂಗಡಿಯಲ್ಲಿ ಹಲಗೆಯ ಮುಖವನ್ನು ಮುಟ್ಟಿದಾಗ ಕಾಣುವ ನುಣುಪು ಆ ತೆಳುವಾದ ಮೇಲ್ಪದರದ ಗುಣ. ಉಳಿಗೆ ಎರಡು ಸೂತ (ಒಂದು ಸೂತವೆಂದರೆ ಇಂಚಿನ ಎಂಟನೇ ಒಂದು ಭಾಗ) ಕೆಳಗಿಳಿದ ಮೇಲೆ ಸಿಗುವುದು ಬೇರೆಯೇ ವಸ್ತು.

ಉಳಿಯ ಕೆಳಗೆ ಏನಾಗುತ್ತದೆ ಎಂಬುದನ್ನು ಒಂದು ತುಣುಕಿನ ಮೇಲೆ ನೀವೇ ನೋಡಬಹುದು. ಸಾಣೆ ಹಿಡಿದ ಉಳಿಯಿಂದ ಶಿವನಿ ಮರವನ್ನು ಕೆತ್ತಿದಾಗ ಚಕ್ಕೆ ಸುರುಳಿಯಾಗಿ ಏಳುತ್ತದೆ, ಕೆತ್ತಿದ ಜಾಗ ಹೊಳೆಯುತ್ತದೆ. ಎಂಡಿಎಫ್‌ನಲ್ಲಿ ಸುರುಳಿ ಏಳುವುದಿಲ್ಲ; ಪದರ ಪದರವಾಗಿ ಕಿತ್ತುಬರುತ್ತದೆ, ಇಲ್ಲವೇ ಪುಡಿಯಾಗುತ್ತದೆ, ಕೆತ್ತಿದ ತಳದಲ್ಲಿ ಕಂಬಳಿಯಂತೆ ಸಣ್ಣ ಸಣ್ಣ ನಾರು ಎದ್ದು ನಿಲ್ಲುತ್ತದೆ. ಹಂಸದ ಕೊಕ್ಕು, ಮಕರದ ಹಲ್ಲು, ಎಲೆಯ ತುದಿ ಮುಂತಾದ ಚೂಪು ಭಾಗಗಳು ಮೊದಲು ಉದುರುತ್ತವೆ. ಮರದಲ್ಲಿ ಎಳೆಯ ಗುಂಟ ಕೊಕ್ಕನ್ನು ಇಟ್ಟರೆ ಆ ಎಳೆಯೇ ಅದನ್ನು ಹಿಡಿದುಕೊಳ್ಳುತ್ತದೆ. ಇಲ್ಲಿ ಹಿಡಿದುಕೊಳ್ಳಲು ಉದ್ದನೆಯ ಎಳೆಯೇ ಇಲ್ಲ. ಎಳೆಯಿಲ್ಲದಿರುವುದು ಸೀಳುವಿಕೆಯಿಂದ ರಕ್ಷಣೆ ಕೊಡುತ್ತದೆ ಎನ್ನುವುದು ನಿಜ, ಆದರೆ ಕೆತ್ತನೆಗಾರನಿಗೆ ಬೇಕಾದ ಬಲವನ್ನೂ ಅದೇ ಕಿತ್ತುಕೊಳ್ಳುತ್ತದೆ. ಇದರ ಜೊತೆಗೆ ಅಂಟು ಗಟ್ಟಿಯಾಗಿರುವುದರಿಂದ ಉಳಿಯ ಬಾಯಿ ಬೇಗನೆ ಮೊಂಡಾಗುತ್ತದೆ. ಸಾಗವಾನಿಯಲ್ಲಿ ಅರ್ಧ ದಿನ ನಡೆಯುವ ಸಾಣೆ ಇಲ್ಲಿ ಅಷ್ಟು ನಡೆಯದು.

ಹಾಗೆಂದು ಕೈಕೆಲಸ ಅಸಾಧ್ಯವೆಂದಲ್ಲ. ಒಂದು ಸೂತದೊಳಗಿನ ಆಳದಲ್ಲಿ, ಗಟ್ಟಿ ಮೇಲ್ಪದರದೊಳಗೇ ಉಳಿಯುವಂತೆ, ಗೆರೆ ಕೆತ್ತನೆ ಮಾಡಬಹುದು. ಮೊದಲು ಹರಿತವಾದ ಚಾಕುವಿನಿಂದ ಗೆರೆಯನ್ನು ನೇರವಾಗಿ ಕೊಯ್ದುಕೊಂಡು, ಆಮೇಲೆ ಇಳಿಜಾರಾಗಿ ಉಳಿ ಹಾಕಿದರೆ ಅಂಚು ಕೀಳುವುದಿಲ್ಲ. ಕೊಡತಿಯನ್ನು ದೂರವಿಟ್ಟು ಕೈಯ ಒತ್ತಡದಿಂದಲೇ ತಳ್ಳಬೇಕು. ಬಳ್ಳಿ, ಅಂಚಿನ ಪಟ್ಟಿ, ಅಕ್ಷರ ಇಂಥವಕ್ಕೆ ಇದು ಸಾಕಾಗುತ್ತದೆ. ಆದರೆ ಮೈದುಂಬಿದ ಹಂಸವನ್ನು ಉಳಿಯಿಂದ ಎಂಡಿಎಫ್‌ನಲ್ಲಿ ಎಬ್ಬಿಸುವ ಶ್ರಮಕ್ಕೆ ತಕ್ಕ ಫಲ ಸಿಗುವುದಿಲ್ಲವೆಂದೇ ನನ್ನ ಅಭಿಪ್ರಾಯ. ನಿಮಗೆ ಕೈಯಲ್ಲಿ ಕೆತ್ತುವುದೇ ಮುಖ್ಯ ಸುಖವಾಗಿದ್ದರೆ, ಹಂಸದ ಹಲಗೆಗಳೆರಡನ್ನು ಮಾತ್ರ ಶಿವನಿಯಲ್ಲಿ ಮಾಡಿಕೊಳ್ಳಿ. ಅವು ಸಣ್ಣ ಅಳತೆಯವು, ದೊಡ್ಡ ಕೆಲಸದಿಂದ ಉಳಿದ ತುಂಡುಗಳು ಮರದ ಅಡ್ಡೆಯಲ್ಲಿ ಹುಡುಕಿದರೆ ಸಿಗುತ್ತವೆ. ಶಿವನಿ ಸಾಗವಾನಿಗಿಂತ ಹಗುರ, ಉಳಿಗೆ ಮೆದು, ಒಣಗಿದ ಮೇಲೆ ಹೆಚ್ಚು ಬಾಗುವುದೂ ಇಲ್ಲ.

ಹೊಸ್ತಿಲಿಗೆ ಎಂಡಿಎಫ್ ಬೇಡವೇ ಬೇಡ. ಪ್ರತಿದಿನ ತೊಳೆದು, ಅರಿಶಿನ ಕುಂಕುಮ ಹಚ್ಚಿ, ರಂಗೋಲಿ ಹಾಕುವ ಜಾಗವದು. ಅಂಚಿನಿಂದ ನೀರು ಹೀರಿಕೊಂಡ ಎಂಡಿಎಫ್ ಒಮ್ಮೆ ಉಬ್ಬಿದರೆ ಒಣಗಿದ ಮೇಲೂ ಮೊದಲಿನ ದಪ್ಪಕ್ಕೆ ಮರಳುವುದಿಲ್ಲ. ಅಲ್ಲಿಗೆ ಸಾಗವಾನಿ, ಮತ್ತಿ, ಅಥವಾ ಚೆನ್ನಾಗಿ ಒಣಗಿದ ಬೇವು ಇರಲಿ.

ರೂಟರ್_ಬಳ್ಳಾರಿ

ಮೇಲಿನವರು ಉಳಿಯ ದೃಷ್ಟಿಯಿಂದ ಬರೆದದ್ದಕ್ಕೆ ನನ್ನ ಒಪ್ಪಿಗೆಯಿದೆ. ಆದರೆ ಪ್ರಭಾವಳಿಯನ್ನು ಅವರು ಮುಟ್ಟಲಿಲ್ಲ. ನನ್ನ ಪ್ರಕಾರ ಎಂಡಿಎಫ್‌ಗೆ ಹೇಳಿ ಮಾಡಿಸಿದ ಕೆಲಸ ಅದೇ, ಷರತ್ತೆಂದರೆ ಅದನ್ನು ಯಂತ್ರಕ್ಕೆ ಬಿಡಬೇಕು. ನಿಮಿಷಕ್ಕೆ ಹದಿನೆಂಟು ಸಾವಿರ ಸುತ್ತು ತಿರುಗುವ, ಕೊರೆಯುವ ಅಲಗಾದ ಕಾರ್ಬೈಡ್ ಬಿಟ್‌ಗೆ ನಾರು ಕಿತ್ತುಬರುವ ಮುನ್ನವೇ ಕತ್ತರಿಸುವ ಶಕ್ತಿಯಿರುವುದರಿಂದ, ಉಳಿಯಿಂದ ಪುಡಿಯಾಗುವ ವಸ್ತುವೇ ಸಿಎನ್‌ಸಿಯಲ್ಲಿ (ಕಂಪ್ಯೂಟರ್ ನಡೆಸುವ ಕೊರೆಯುವ ಯಂತ್ರದಲ್ಲಿ) ಅಂಚು ಕೆಡದೆ ಕೊರೆಯಲ್ಪಡುತ್ತದೆ. ಎಳೆಯಿಲ್ಲದಿರುವುದರ ಲಾಭ ಪೂರ್ತಿಯಾಗಿ ಸಿಗುವುದು ಇಲ್ಲಿಯೇ: ಸಾಗವಾನಿಯಲ್ಲಿ ಯಂತ್ರ ಎಳೆಗೆ ಅಡ್ಡವಾಗಿ ಹೋಗುವಾಗ ಎಲೆಯ ಒಂದು ಬದಿ ನುಣುಪಾಗಿ, ಇನ್ನೊಂದು ಬದಿ ತರಿತರಿಯಾಗಿ ಬರಬಹುದು, ಎಂಡಿಎಫ್‌ನಲ್ಲಿ ಎಲ್ಲ ದಿಕ್ಕೂ ಒಂದೇ.

ಬಳ್ಳಾರಿ, ಹೊಸಪೇಟೆ, ಗಂಗಾವತಿ, ರಾಯಚೂರುಗಳಲ್ಲೆಲ್ಲ ಈಗ ಸಿಎನ್‌ಸಿ ಅಂಗಡಿಗಳಿವೆ. ಅಲ್ಲಿಗೆ ಹೋಗುವ ಮೊದಲು ಆಳವನ್ನು ನೀವೇ ನಿರ್ಧರಿಸಿಕೊಳ್ಳಿ. ಹದಿನೆಂಟು ಮಿ.ಮೀ. ಹಲಗೆಯಲ್ಲಿ ಆರರಿಂದ ಎಂಟು ಮಿ.ಮೀ. ಆಳದ ಉಬ್ಬು ಕೆತ್ತನೆ ಸಾಕು. ಒಂದು ಮುಖದಿಂದ ಅದಕ್ಕಿಂತ ಹೆಚ್ಚು ತೆಗೆದರೆ ಗಟ್ಟಿ ಪದರ ಒಂದೇ ಕಡೆ ಉಳಿದು, ಎರಡೂ ಬದಿಯ ಸಮತೋಲ ತಪ್ಪಿ, ಹಲಗೆ ನಿಧಾನವಾಗಿ ಬಾಗತೊಡಗುತ್ತದೆ. ಕೀರ್ತಿಮುಖ ಇನ್ನೂ ಮುಂದೆ ಚಾಚಿರಬೇಕೆಂದಿದ್ದರೆ ಅದನ್ನು ಬೇರೆ ತುಂಡಿನಲ್ಲಿ ಕೊರೆಸಿ ಮೇಲೆ ಅಂಟಿಸುವುದು ಕ್ಷೇಮ. ತೂಕವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ: ಘನ ಮೀಟರಿಗೆ ಸುಮಾರು 750 ಕಿಲೋ ಸಾಂದ್ರತೆಯ ಎಂಡಿಎಫ್‌ನ ಹದಿನೆಂಟು ಮಿ.ಮೀ. ಪೂರ್ಣ ಹಾಳೆ ಸುಮಾರು ನಲವತ್ತು ಕಿಲೋ ತೂಗುತ್ತದೆ. ಸಾಗವಾನಿಗಿಂತ ಇದು ಭಾರವೇ.

ಅಂಗಡಿಯವರು ಗಂಟೆಯ ಲೆಕ್ಕದಲ್ಲಿ ಹಣ ಕೇಳಿದಾಗ ಅನೇಕರಿಗೆ ಆಶ್ಚರ್ಯವಾಗುತ್ತದೆ. ಅದರ ಹಿಂದಿನ ಗಣಿತ ಸರಳವಾಗಿದೆ. 600 ಮಿ.ಮೀ. ಅಗಲ, 900 ಮಿ.ಮೀ. ಎತ್ತರದ ನಿಮ್ಮ ಪ್ರಭಾವಳಿಯ ಮೇಲೆ ಮೂರು ಮಿ.ಮೀ.ಯ ದುಂಡು ತುದಿಯ ಬಿಟ್ ಪ್ರತಿ ಸಾಲಿಗೆ 0.3 ಮಿ.ಮೀ. ಸರಿಯುತ್ತಾ ಹೋದರೆ ಎರಡು ಸಾವಿರ ಸಾಲುಗಳಾಗುತ್ತವೆ. ಅಂದರೆ ಬಿಟ್ ಒಟ್ಟು 1,800 ಮೀಟರ್ ನಡೆಯಬೇಕು. ನಿಮಿಷಕ್ಕೆ ಮೂರು ಮೀಟರ್ ವೇಗದಲ್ಲಿ ಅದು ಹತ್ತು ಗಂಟೆಯ ಕೆಲಸ. ಸಾಲಿನ ಅಂತರವನ್ನು 0.6 ಮಾಡಿದರೆ ಐದು ಗಂಟೆಗೆ ಇಳಿಯುತ್ತದೆ, ಆದರೆ ಉಳುಮೆಯ ಗೆರೆ ಕಾಣಿಸಿಕೊಂಡು ಉಜ್ಜುವ ಕೆಲಸ ನಿಮ್ಮ ಪಾಲಿಗೆ ಬರುತ್ತದೆ. ಬಣ್ಣ ಬಳಿಯುವ ಕೆಲಸವಾದರೆ ನಡುವಿನ 0.4 ಸಾಕೆಂದು ಹೇಳುತ್ತೇನೆ. ಮೊದಲು ಆರು ಮಿ.ಮೀ. ಬಿಟ್‌ನಿಂದ ಒರಟಾಗಿ ತೆಗೆದು, ಅರ್ಧ ಮಿ.ಮೀ. ಉಳಿಸಿ, ಆಮೇಲೆ ಸಣ್ಣ ಬಿಟ್ ಹಾಕಲು ಹೇಳಿ. ಒಂದೇ ಸಲಕ್ಕೆ ಸಣ್ಣ ಬಿಟ್‌ನಿಂದ ಎಲ್ಲವನ್ನೂ ತೆಗೆಯುವವರ ಕೆಲಸದಲ್ಲಿ ತಳದ ನಾರು ಹೆಚ್ಚು ಏಳುತ್ತದೆ, ಬಿಟ್ ಕೂಡ ಮುರಿಯುತ್ತದೆ.

ವೇಗದ ವಿಚಾರದಲ್ಲಿ ಹೊಸಬರು ಎಚ್ಚರಿಕೆಯೆಂದು ಭಾವಿಸಿ ನಿಧಾನ ಮಾಡುತ್ತಾರೆ. ಎಂಡಿಎಫ್‌ನಲ್ಲಿ ಅದರ ಪರಿಣಾಮ ವಿರುದ್ಧವಾಗುತ್ತದೆ. ಎರಡು ಬಾಯಿಯ ಬಿಟ್ 18,000 ಸುತ್ತಿನಲ್ಲಿ ನಿಮಿಷಕ್ಕೆ 36,000 ಬಾರಿ ಕಚ್ಚುತ್ತದೆ. ಮುಂದೆ ಸಾಗುವ ವೇಗ ನಿಮಿಷಕ್ಕೆ 3,600 ಮಿ.ಮೀ. ಇದ್ದರೆ ಪ್ರತಿ ಕಡಿತಕ್ಕೆ 0.1 ಮಿ.ಮೀ. ಸಿಗುತ್ತದೆ, 1,800ಕ್ಕೆ ಇಳಿಸಿದರೆ ಸಿಗುವುದು 0.05 ಮಾತ್ರ. ಆಗ ಬಿಟ್ ಕತ್ತರಿಸುವುದನ್ನು ಬಿಟ್ಟು ಉಜ್ಜತೊಡಗುತ್ತದೆ, ಬಿಸಿಯಾಗುತ್ತದೆ, ಅಂಚು ಕಂದುಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬರುತ್ತದೆ. ಅಂಗಡಿಯಲ್ಲಿ ಮಾದರಿ ತುಂಡಿನ ಅಂಚನ್ನು ನೋಡಿದರೆ ಅವರ ಯಂತ್ರದ ಲೆಕ್ಕ ಸರಿಯಿದೆಯೋ ಇಲ್ಲವೋ ತಿಳಿದುಬಿಡುತ್ತದೆ.

ಹಲಗೆಯನ್ನು ಕೊಳ್ಳುವಾಗ ಐಎಸ್‌ಐ ಗುರುತಿನ ಜೊತೆಗೆ ಐಎಸ್ 12406 ಎಂಬ ಸಂಖ್ಯೆಯನ್ನು ನೋಡಿಕೊಳ್ಳಿ. ಅಂಗಡಿಯವರು ಎಚ್‌ಡಿಎಚ್‌ಎಂಆರ್ ಎಂದು ತೋರಿಸುವುದು ಹೆಚ್ಚು ಸಾಂದ್ರತೆಯ, ತೇವವನ್ನು ತುಸು ಹೆಚ್ಚು ತಾಳುವ ಹಲಗೆ. ಬೆಲೆ ಹೆಚ್ಚು, ಆದರೆ ನಡುಭಾಗವೂ ಗಟ್ಟಿಯಿರುವುದರಿಂದ ಕೆತ್ತನೆಯ ತಳ ನುಣುಪಾಗಿ ಬರುತ್ತದೆ. ಜಾಲರಿಗೆ ನಾನು ಅದನ್ನೇ ಸೂಚಿಸುತ್ತೇನೆ, ಏಕೆಂದರೆ ಜಾಲರಿಯ ಸಣ್ಣ ಪಟ್ಟಿಗಳು ಸಾಮಾನ್ಯ ಎಂಡಿಎಫ್‌ನಲ್ಲಿ ಕೈತಾಗಿದರೂ ಮುರಿಯುವ ಸಂಭವವಿದೆ. ಪಟ್ಟಿಯ ಅಗಲ ಹಲಗೆಯ ದಪ್ಪಕ್ಕಿಂತ ಕಡಿಮೆಯಾಗದಂತೆ ವಿನ್ಯಾಸ ಮಾಡಿ.

ತುಂಗಭದ್ರಾ_ದೋಆಬ್, ರಾಯಚೂರು

ಕೆತ್ತನೆ ಚೆನ್ನಾಗಿ ಬರುತ್ತದೆ ಎಂಬುದರಲ್ಲಿ ನನಗೆ ತಕರಾರಿಲ್ಲ. ಕೆತ್ತಿದ ಹಲಗೆ ಯಾವ ಗೋಡೆಗೆ, ಯಾವ ತಿಂಗಳಲ್ಲಿ ಹತ್ತುತ್ತದೆ ಎಂಬುದು ನನ್ನ ಪ್ರಶ್ನೆ.

ಕೊಪ್ಪಳ, ಬಳ್ಳಾರಿ, ರಾಯಚೂರು ಎಂಬ ನಮ್ಮ ಮೂರು ಜಿಲ್ಲೆಗಳ ಹವೆ ಕರಾವಳಿಯಂತಲ್ಲ. ಮಳೆ ಕಡಿಮೆ, ಗಾಳಿ ವರ್ಷದ ಬಹುಕಾಲ ಒಣಗಿರುತ್ತದೆ. ಈ ಮಟ್ಟಿಗೆ ಎಂಡಿಎಫ್‌ಗೆ ಇಲ್ಲಿ ಆಯುಷ್ಯ ಹೆಚ್ಚು. ಆದರೆ ಹೊಸ ಮನೆಯ ವಿಷಯ ಬೇರೆ. ಗಾರೆಗೆ, ನೆಲಕ್ಕೆ ಕುಡಿಸಿದ ನೀರು ಗೋಡೆಯೊಳಗಿಂದ ಹೊರಬರಲು ತಿಂಗಳುಗಳೇ ಬೇಕು. ಗೃಹಪ್ರವೇಶದ ಮುಹೂರ್ತಕ್ಕೆ ಹೊಂದಿಸುವ ಅವಸರದಲ್ಲಿ ಹಸಿ ಗೋಡೆಗೆ ನೇರವಾಗಿ ಎಂಡಿಎಫ್ ಹಲಗೆ ಹೊಡೆದರೆ, ಅದರ ಬೆನ್ನು ತೇವ ಹೀರಿ ಮುಂಭಾಗ ಒಣಗಿಯೇ ಉಳಿಯುತ್ತದೆ; ಹಲಗೆ ಗೋಡೆಯಿಂದ ಹೊರಕ್ಕೆ ಬಿಲ್ಲಿನಂತೆ ಬಾಗುತ್ತದೆ. ಪ್ರಭಾವಳಿಯ ಹಿಂದೆ ಮರದ ಸಣ್ಣ ಪಟ್ಟಿಗಳನ್ನಿಟ್ಟು, ಗೋಡೆಗೂ ಹಲಗೆಗೂ ನಡುವೆ ಕನಿಷ್ಠ ಎರಡು ಸೂತ ಗಾಳಿಯಾಡುವ ಸಂದು ಬಿಡಿ. ಬೆನ್ನಿಗೂ ಮುಂಭಾಗದಷ್ಟೇ ಸಲ ಸೀಲರ್ (ತೇವ ಹೀರದಂತೆ ಮುಚ್ಚುವ ಲೇಪ) ಹಚ್ಚಿಸಿ. ಕಣ್ಣಿಗೆ ಕಾಣುವ ಬದಿಗೆ ಮಾತ್ರ ಬಣ್ಣ ಬಳಿದು, ಬೆನ್ನನ್ನು ಹಾಗೆಯೇ ಬಿಡುವ ರೂಢಿ ನಮ್ಮ ಕಡೆ ಹೆಚ್ಚಾಗಿದೆ, ಬಾಗುವಿಕೆಯ ದೂರುಗಳಲ್ಲಿ ಬಹುಪಾಲಿಗೆ ಅದೇ ಕಾರಣವೆಂದು ನನಗನ್ನಿಸುತ್ತದೆ.

ಎರೆ ಭೂಮಿಯ ಊರುಗಳಲ್ಲಿ ಗೆದ್ದಲನ್ನು ಮರೆಯುವಂತಿಲ್ಲ. ಎಂಡಿಎಫ್‌ನಲ್ಲಿರುವುದು ಮರದ ನಾರೇ ಆದ್ದರಿಂದ ಅಂಟಿದೆ ಎಂಬ ಕಾರಣಕ್ಕೆ ಗೆದ್ದಲು ಅದನ್ನು ಬಿಡುವುದಿಲ್ಲ. ಹಳೆಯ ಸಾಗವಾನಿಯ ಕೆಚ್ಚಿಗೆ ಇರುವ ಸಹಜ ತಡೆ ಇದಕ್ಕಿಲ್ಲ. ಬೋರಾನ್ ಸಂಸ್ಕರಣೆ ಆಗಿದೆಯೆಂದು ತಯಾರಕರು ಬರೆದುಕೊಟ್ಟಿರುವ ಹಲಗೆಯನ್ನು ಕೇಳಿ ಪಡೆಯಿರಿ, ನೆಲಕ್ಕೆ ತಾಗದಂತೆ ಕೂರಿಸಿ.

ಇನ್ನು ಫಾರ್ಮಾಲ್ಡಿಹೈಡ್. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಇದನ್ನು 2004ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಒಂದನೇ ಗುಂಪಿಗೆ ಸೇರಿಸಿತು. ಮರದ ಧೂಳು ಕೂಡ ಅದೇ ಗುಂಪಿನಲ್ಲಿದೆ ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ಮಾತು ಏಕಪಕ್ಷೀಯವಾಗುತ್ತದೆ. ಹಲಗೆಯಿಂದ ಈ ಅನಿಲ ನಿಧಾನವಾಗಿ ಹೊರಬರುತ್ತದೆ. ಶಾಖ ಮತ್ತು ತೇವ ಹೆಚ್ಚಿದಷ್ಟೂ ಬಿಡುಗಡೆಯೂ ಹೆಚ್ಚುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ, ಕಿಟಕಿಯಿಲ್ಲದ ಪುಟ್ಟ ಪೂಜಾ ಕೋಣೆಯೊಳಗೆ, ದೀಪದ ಬಿಸಿಯ ಎದುರು ನಿಲ್ಲುವ ಹಲಗೆ ಅದು. ಆದ್ದರಿಂದ ಈ ಅನಿಲವನ್ನು ಕಡಿಮೆ ಬಿಡುವ ಇ1 ಅಥವಾ ಇ0 ದರ್ಜೆಯ ಹಲಗೆಯನ್ನೇ ಕೊಳ್ಳಬೇಕು. ಕೆತ್ತಿದ ಮೇಲೆ ಒಳನಾರು ಬಯಲಾಗುವುದರಿಂದ ಎಲ್ಲ ಮುಖ, ಎಲ್ಲ ಅಂಚು, ಸ್ಕ್ರೂ ಹಾಕಿದ ತೂತನ್ನೂ ಬಿಡದೆ ಮುಚ್ಚಬೇಕು. ನಂದಾದೀಪವನ್ನು ಹಲಗೆಯ ಬುಡಕ್ಕೆ ಇಡುವ ಪದ್ಧತಿಯಿದ್ದರೆ, ಜ್ವಾಲೆಯ ಹಿಂದೆ ಒಂದು ಹಿತ್ತಾಳೆಯ ಅಥವಾ ಕಲ್ಲಿನ ಫಲಕವಿರಲಿ.

ಮಗುವಿನ ಬಗ್ಗೆ ಕೇಳಿದ್ದೀರಿ. ಎಂಡಿಎಫ್ ಧೂಳು ಸಾಗವಾನಿಯ ಹೊಟ್ಟಿನಂತೆ ಕಾಲಬುಡಕ್ಕೆ ಬೀಳುವುದಿಲ್ಲ; ಹಿಟ್ಟಿನಷ್ಟು ನುಣ್ಣಗಿದ್ದು ಬಹಳ ಹೊತ್ತು ಗಾಳಿಯಲ್ಲಿ ತೇಲಾಡುತ್ತದೆ, ಬಟ್ಟೆಗೆ ಅಂಟಿಕೊಂಡು ಒಳಮನೆಯವರೆಗೂ ಬರುತ್ತದೆ. ಉಜ್ಜುವ ಕೆಲಸವನ್ನು ಮನೆಯೊಳಗೆ ಮಾಡಲೇಬೇಡಿ. ಹೊರಗೆ ಮಾಡುವಾಗಲೂ ಎನ್95 ಮಾಸ್ಕ್ ಬೇಕು. ಕರವಸ್ತ್ರ ಕಟ್ಟಿಕೊಂಡರೆ ಸಾಲದು. ಆ ಮಾಸ್ಕ್ ಧೂಳನ್ನು ತಡೆಯುತ್ತದೆ, ಅನಿಲವನ್ನು ತಡೆಯುವುದಿಲ್ಲ. ಕೊರೆಸಿ ತಂದ ಹಲಗೆಯನ್ನು ಕೆಲವು ವಾರ ಗಾಳಿಯಾಡುವ ನೆರಳಿನಲ್ಲಿ ನಿಲ್ಲಿಸಿಡುವುದು ಒಳ್ಳೆಯದು.

ಹವ್ಯಾಸಿ_ಕೊಪ್ಪಳ

ಎಲ್ಲರಿಗೂ ಕೃತಜ್ಞತೆಗಳು. ಹೊಸ್ತಿಲು ಸಾಗವಾನಿಯಲ್ಲಿ, ಹಂಸದ ಎರಡು ಹಲಗೆ ಶಿವನಿಯಲ್ಲಿ ಎಂದು ನಿಶ್ಚಯಿಸಿದ್ದೇನೆ. ಪ್ರಭಾವಳಿಯನ್ನು ಎಂಡಿಎಫ್‌ನಲ್ಲಿ ಕೊರೆಸುವುದಾದರೆ ಅದಕ್ಕೆ ಬಣ್ಣ ಅನಿವಾರ್ಯ. ನಮ್ಮ ಪಕ್ಕದ ಕಿನ್ನಾಳದ ಗೊಂಬೆಗಳಂತೆ ಕೆಂಪು, ಹಸಿರು, ಹಳದಿಯ ಮೇಲೆ ಉಬ್ಬಿದ ಚಿನ್ನದ ಆಭರಣದ ಕೆಲಸ ಮಾಡಬೇಕೆಂಬ ಯೋಚನೆ ಬಂದಿದೆ. ಎಂಡಿಎಫ್ ಮೇಲೆ ಅಂಥ ಲೇಪ ಹಿಡಿಯುತ್ತದೆಯೇ? ಇನ್ನೊಂದು ಪ್ರಶ್ನೆ: ಕದಕ್ಕೆ ಕೀಲು ಹೊಡೆಯುವಾಗ ಎಂಡಿಎಫ್ ಸ್ಕ್ರೂ ಹಿಡಿಯುವುದಿಲ್ಲ ಎನ್ನುತ್ತಾರೆ, ಜಾಲರಿಯ ಭಾಗವನ್ನು ಹೇಗೆ ಕೂರಿಸಬೇಕು?

ಬಣ್ಣದ_ಕೆಲಸ_ಕೊಪ್ಪಳ

ಕಿನ್ನಾಳದ ಹೆಸರು ಬಂದದ್ದು ಒಳ್ಳೆಯದಾಯಿತು, ಏಕೆಂದರೆ ನಿಮ್ಮ ಆಳದ ಸಮಸ್ಯೆಗೂ ಅಲ್ಲಿ ಒಂದು ದಾರಿಯಿದೆ. ಅಲ್ಲಿನ ಚಿತ್ರಗಾರರು ಹಗುರ ಮರದಲ್ಲಿ ಗೊಂಬೆಯ ಅಂಗಗಳನ್ನು ಕೆತ್ತಿ ಜೋಡಿಸುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಸಿ, ಚೂರು ಮಾಡಿ, ಒಣಗಿಸಿ, ಪುಡಿ ಮಾಡಿ, ಹುಣಸೆ ಬೀಜದ ಸರಿಯೊಂದಿಗೆ ಕಲಸಿದರೆ ಕಿಟ್ಟ ಸಿದ್ಧವಾಗುತ್ತದೆ. ಜೋಡಿಸಿದ ಗೊಂಬೆಯ ಮೈಗೆಲ್ಲ ಅದನ್ನು ಕೈಯಿಂದ ಸವರಿ, ಅದರ ಮೇಲೆ ಹತ್ತಿ ಬಟ್ಟೆಯ ಸಣ್ಣ ತುಂಡುಗಳನ್ನು ಹುಣಸೆ ಸರಿಯಿಂದಲೇ ಅಂಟಿಸಿ, ಆ ಬಳಿಕ ಬೆಣಚುಕಲ್ಲಿನ ಪುಡಿಯ ಲೇಪ ಕೊಟ್ಟು, ಆ ನೆಲೆಯ ಮೇಲೆ ಬಣ್ಣ ಹಾಕುತ್ತಾರೆ. ಕಲ್ಲಿನ ಪುಡಿಗೆ ಅಂಟು ಬೆರೆಸಿದ ಲೇಪದಿಂದಲೇ ಸರ, ತೋಳಬಂದಿ, ಕಿರೀಟದ ಹರಳುಗಳನ್ನು ಉಬ್ಬಿಸುತ್ತಾರೆ. ಅಂದರೆ ನೀವು ನೋಡಿ ಮೆಚ್ಚಿದ ಆಭರಣ ಕೆತ್ತಿ ತೆಗೆದದ್ದಲ್ಲ, ಮೇಲೆ ಇಟ್ಟು ಬೆಳೆಸಿದ್ದು.

ಪ್ರಭಾವಳಿಗೂ ಇದೇ ಕ್ರಮ ಹೊಂದುತ್ತದೆ. ಯಂತ್ರದಲ್ಲಿ ಎಂಟು ಮಿ.ಮೀ. ಕೊರೆಸುವ ಬದಲು ನಾಲ್ಕೇ ಮಿ.ಮೀ. ಕೊರೆಸಿ, ಮಕರದ ಹುರುಪೆ, ಬಳ್ಳಿಯ ಮೊಗ್ಗು, ಅಂಚಿನ ಮಣಿಸಾಲುಗಳನ್ನು ಲೇಪದಿಂದ ಎಬ್ಬಿಸಿ. ಎಂಡಿಎಫ್‌ನ ಸಡಿಲ ನಡುಭಾಗ ಹೆಚ್ಚು ಬಯಲಾಗದೆ ಉಳಿಯುತ್ತದೆ, ಯಂತ್ರದ ಗಂಟೆಯೂ ಉಳಿಯುತ್ತದೆ, ಮೇಲಾಗಿ ಕೈಯಲ್ಲಿ ಮಾಡುವ ಕೆಲಸ ನಿಮಗೆ ಮರಳಿ ಸಿಗುತ್ತದೆ. ಯಂತ್ರದ ಉಬ್ಬು ಕೆತ್ತನೆಯಲ್ಲಿ ಎಲ್ಲ ಮಣಿಗಳೂ ಒಂದೇ ಅಚ್ಚಿನವಾಗಿ ಕಾಣುವ ನಿರ್ಜೀವತೆ ನನಗೆ ಎಂದೂ ಹಿಡಿಸಿಲ್ಲ.

ತೊಡಕಿರುವುದು ನೀರಿನಲ್ಲಿ. ಹುಣಸೆ ಸರಿಯೂ ಬಿಳಿ ಅಂಟೂ ನೀರಿನವು. ಏನೂ ಬಳಿಯದ ಎಂಡಿಎಫ್ ಮೇಲೆ ನೇರವಾಗಿ ಹಚ್ಚಿದರೆ ನಾರು ಉಬ್ಬಿ, ಎಲೆಯ ಅಂಚುಗಳು ಮಸುಕಾಗುತ್ತವೆ. ಮೊದಲು ಸ್ಪಿರಿಟ್‌ನಲ್ಲಿ ಕರಗಿಸಿದ ಶೆಲ್ಯಾಕ್ (ಅರಗು) ಅಥವಾ ಥಿನ್ನರ್‌ನ ಸ್ಯಾಂಡಿಂಗ್ ಸೀಲರನ್ನು ತೆಳ್ಳಗೆ ಹಚ್ಚಿ. ಅದು ಒಣಗಿದಾಗ ಎದ್ದ ನಾರು ಗಟ್ಟಿಯಾಗಿ ಮುಳ್ಳಿನಂತೆ ನಿಲ್ಲುತ್ತದೆ. 240 ನಂಬರಿನ ಕಾಗದದಿಂದ ಹಗುರವಾಗಿ ಉಜ್ಜಿದರೆ ಒಂದೇ ಸಲಕ್ಕೆ ಉದುರಿಹೋಗುತ್ತದೆ. ಎರಡನೇ ಸಲ ಹಚ್ಚಿ, ಮತ್ತೆ ಉಜ್ಜಿ. ಕೆತ್ತನೆಯ ತಳ ಮತ್ತು ಕತ್ತರಿಸಿದ ಅಂಚುಗಳು ಮುಖಕ್ಕಿಂತ ಹೆಚ್ಚು ಹೀರುತ್ತವೆಯಾದ್ದರಿಂದ ಅಲ್ಲಿ ಮೂರನೆಯ ಸಲವೂ ಬೇಕಾಗುತ್ತದೆ. ಲೇಪ ಕೂರುವ ಜಾಗವನ್ನು ಮಾತ್ರ 150 ನಂಬರಿನ ಕಾಗದದಿಂದ ಒರಟು ಮಾಡಿ, ಇಲ್ಲವಾದರೆ ನುಣ್ಣನೆಯ ಸೀಲರ್ ಮೇಲೆ ಲೇಪ ನಿಲ್ಲದೆ ಒಣಗಿದ ಮೇಲೆ ಚಕ್ಕೆಯಾಗಿ ಏಳಬಹುದು. ಒಂದೇ ಸಲಕ್ಕೆ ದಪ್ಪ ಹಾಕಿದರೂ ಬಿರುಕು ಬಿಡುತ್ತದೆ. ಅರ್ಧ ಅರ್ಧ ಸೂತದಂತೆ, ಪ್ರತಿಯೊಂದು ಪದರವನ್ನೂ ನೆರಳಿನಲ್ಲಿ ಒಣಗಿಸುತ್ತಾ ಬೆಳೆಸಿ. ನಮ್ಮ ಮಾರ್ಚ್ ಬಿಸಿಲಿಗೆ ಇಟ್ಟರೆ ಬಿರುಕು ಖಚಿತ.

ಚಿನ್ನದ ಹೊಳಪಿಗೆ ಕಿನ್ನಾಳದವರು ತವರದಿಂದ ಮಾಡುವ ಲಾಜವಾರದ ಕೆಲಸ ಕಲಿತವರ ಕೈಯಲ್ಲೇ ಆಗಬೇಕು. ಮನೆಯ ಕೆಲಸಕ್ಕೆ ಹಳದಿ ನೆಲೆಯ ಮೇಲೆ ಅಂಗಡಿಯ ಚಿನ್ನದ ರೇಕು ಅಥವಾ ಪುಡಿ ಸಾಕಾಗಬಹುದು. ಹಾಗೊಮ್ಮೆ ಅವರ ಕೈಯ ಕೆಲಸವೇ ಬೇಕೆನ್ನಿಸಿದರೆ, ಕಿನ್ನಾಳ ಕೊಪ್ಪಳದಿಂದ ಹದಿಮೂರು ಕಿ.ಮೀ. ಆಸುಪಾಸಿನಲ್ಲಿದೆ, ಕೀರ್ತಿಮುಖವೊಂದನ್ನು ಅವರಿಂದ ಮರದಲ್ಲಿ ಮಾಡಿಸಿ ನಿಮ್ಮ ಎಂಡಿಎಫ್ ಹಲಗೆಯ ನೆತ್ತಿಗೆ ಕೂರಿಸಬಹುದು, ಮುಂದೆ ಚಾಚುವ ಭಾಗ ಹೇಗೂ ಬೇರೆ ತುಂಡೇ ಆಗಬೇಕೆಂದು ಮೇಲೆ ಹೇಳಿದ್ದಾರಲ್ಲ. ಒಂದು ಮಾತು ಮಾತ್ರ ನೆನಪಿರಲಿ: ಆ ಶೈಲಿಯನ್ನು ಅನುಸರಿಸಿ ಎಂಡಿಎಫ್ ಮೇಲೆ ಮಾಡಿದ್ದನ್ನು ಮನೆಗೆ ಇಟ್ಟುಕೊಳ್ಳಿ, ಕಿನ್ನಾಳ ಕಲೆಯೆಂಬ ಹೆಸರಿನಲ್ಲಿ ಮಾರಬೇಡಿ. ಆ ಹೆಸರಿಗೆ ಭೌಗೋಳಿಕ ಸೂಚಿಯ ರಕ್ಷಣೆಯಿದೆ, ಅದನ್ನೇ ನಂಬಿ ಬದುಕುವ ಮನೆಗಳೂ ಇವೆ.

ಗಂಗಾವತಿ_ಮರಗೆಲಸ

ಕೀಲಿನ ಪ್ರಶ್ನೆ ನನಗಿರಲಿ. ಕದವನ್ನು ಪೂರ್ತಿಯಾಗಿ ಎಂಡಿಎಫ್‌ನಲ್ಲಿ ಮಾಡಿ ಅದರ ಅಂಚಿಗೆ ಕೀಲು ಹೊಡೆದರೆ, ಸ್ಕ್ರೂ ನಡುವಿನ ಸಡಿಲ ಪದರದಲ್ಲಿ ಕುಳಿತು ಹಲಗೆಯನ್ನು ಎರಡಾಗಿ ಸೀಳುತ್ತದೆ, ಸೀಳದಿದ್ದರೂ ಕೆಲವು ವರ್ಷಗಳಲ್ಲಿ ತೂತು ಸವೆದು ಕದ ಜೋತುಬೀಳುತ್ತದೆ. ಸುತ್ತಲಿನ ಚೌಕಟ್ಟು ಸಾಗವಾನಿಯದಿರಲಿ. ಮೂರು ಇಂಚು ಅಗಲದ ಪಟ್ಟಿಗಳು ಸಾಕು, ಮರದ ಖರ್ಚು ಅಲ್ಪ. ಚೌಕಟ್ಟಿನ ಒಳ ಅಂಚಿನಲ್ಲಿ ಮೂರು ಸೂತ ಆಳದ ಗಾಡಿ (ಹಲಗೆ ಕೂರುವ ಉದ್ದನೆಯ ಕಾಲುವೆ) ಹೊಡೆದು ಅದರೊಳಗೆ ಹಲಗೆಗಳನ್ನು ಕೂರಿಸಿ, ಕೀಲು, ಚಿಲಕ, ಹಿಡಿಕೆ ಮೂರೂ ಸಾಗವಾನಿಗೇ ಬರಲಿ.

ಇಲ್ಲಿ ಎರಡು ಬಗೆಯ ಹಲಗೆಗಳಿಗೆ ಎರಡು ನಿಯಮ. ಕೆಳಗಿನ ಶಿವನಿ ಹಲಗೆ ಮಳೆಗಾಲದಲ್ಲಿ ಅಡ್ಡಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಗಾಡಿಯೊಳಗೆ ಎರಡೂ ಬದಿಗೆ ತುಸು ಸಂದು ಬಿಟ್ಟು, ಅಂಟು ಹಾಕದೆ ಸಡಿಲವಾಗಿ ಕೂರಿಸಬೇಕು. ಅಂಟಿಸಿಬಿಟ್ಟರೆ ಮೇ ತಿಂಗಳಲ್ಲಿ ಹಂಸದ ಕುತ್ತಿಗೆಯ ಮೇಲೆಯೇ ಸೀಳು ಬರುತ್ತದೆ. ಮೇಲಿನ ಎಂಡಿಎಫ್ ಜಾಲರಿಗೆ ಅಗಲದಲ್ಲಿ ಅಂಥ ಚಲನೆ ಬಹಳ ಕಡಿಮೆ; ಅದನ್ನು ಅಂಟು ಹಾಕಿಯೇ ಬಿಗಿಯಬಹುದು, ಬಿಗಿದಷ್ಟೂ ಕದ ಗಟ್ಟಿಯಾಗುತ್ತದೆ. ಕೂರಿಸುವ ಮೊದಲೇ ಜಾಲರಿಯ ಅಂಚುಗಳಿಗೆ ಸೀಲರ್ ಹಚ್ಚಿ, ಗಾಡಿಯೊಳಗೆ ಅಂಟು ಹತ್ತುವ ಜಾಗವನ್ನಷ್ಟೇ ಬರಿದಾಗಿ ಬಿಡಿ. ಪ್ರಭಾವಳಿಯನ್ನು ಗೋಡೆಯ ಪಟ್ಟಿಗಳಿಗೆ ಹಿಡಿಸುವಾಗ ಸ್ಕ್ರೂ ಹಲಗೆಯ ಮುಖದಿಂದ ಹೋಗಲಿ, ಮೂಲೆಯಿಂದ ಮೂರು ಇಂಚು ಒಳಗಿರಲಿ, ಮೊದಲು ತೂತು ಕೊರೆದ ಮೇಲೆಯೇ ತಿರುಪಿ. ಅದರ ತಲೆಯ ಮೇಲೆ ಲೇಪದ ಮಣಿಯೊಂದನ್ನು ಕೂರಿಸಿದರೆ ಕಾಣುವುದೂ ಇಲ್ಲ.

ಹಾಳೆಯಿಂದ ಉಳಿಯುವ ತುಂಡುಗಳನ್ನು ಬಚ್ಚಲ ಒಲೆಗೆ ಹಾಕಬೇಡಿ. ಸಾಗವಾನಿಯ ಚಕ್ಕೆ ಹಾಕಿದ ಹಾಗೆ ಎಂದು ತಿಳಿದು ಹಾಕುವವರಿದ್ದಾರೆ, ಅಂಟು ಸುಟ್ಟ ಹೊಗೆ ಕಣ್ಣಿಗೂ ಗಂಟಲಿಗೂ ಕೆಟ್ಟದ್ದು. ಸೀಲರ್, ಲೇಪ, ಬಣ್ಣ ಎಲ್ಲವನ್ನೂ ಮೊದಲು ಆ ತುಂಡುಗಳ ಮೇಲೆ ಹಚ್ಚಿ ನೋಡಿ. ಅವುಗಳಲ್ಲಿ ಒಂದೆರಡನ್ನು ಸಿಎನ್‌ಸಿ ಅಂಗಡಿಗೆ ಕೊಟ್ಟು ನಿಮ್ಮ ಬಳ್ಳಿಯ ಅಂಗೈ ಅಗಲದ ಭಾಗವನ್ನು ಕೊರೆಸಿಕೊಂಡು ಬಂದು, ಆಮೇಲೆ ಪೂರ್ತಿ ಕೆಲಸಕ್ಕೆ ಒಪ್ಪಿಗೆ ಕೊಡಿ.